ಗಾಜಿನ ಮೈಯ ನೀಲಿ ಚಿಗಟ

ಕಳೆದ ತಿಂಗಳು ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ನಮ್ಮ ಸ್ಟಾಫ್ ರೂಮಿಗೆ ಬಂದರು. ಪಕ್ಕದಲ್ಲಿ ಮಗ, ತಲೆ ತಗ್ಗಿಸಿ ನಿಂತಿದ್ದ. ತಂದೆ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದೇ ಒಂದು ಸ್ಕ್ರೂ.

“ನೋಡಿ ಸಾರ್, ಮನೇಲಿ ಮಿಕ್ಸಿ ಬಿಚ್ಚಿದಾನೆ. ಮತ್ತೆ ಜೋಡಿಸಿದಾನೆ, ಓಡ್ತಾನೂ ಇದೆ. ಆದ್ರೆ ಇದೊಂದು ಉಳಿದುಬಿಟ್ಟಿದೆ. ಇವನಮ್ಮ ಮಿಕ್ಸಿ ಮುಟ್ಟೋಕೇ ಹೆದರಿಕೊಂಡು ಒರಳುಕಲ್ಲಲ್ಲಿ ಚಟ್ನಿ ಅರೀತಾ ಇದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಬೇಕು” ಎಂದರು.

ಬುದ್ಧಿ ಹೇಳುವುದರಲ್ಲಿ ನಮಗೆ ಮೂವತ್ತು ವರ್ಷಗಳ ಅಭ್ಯಾಸವಿದೆ. ಆದರೆ ಆ ಸ್ಕ್ರೂ ನೋಡಿದ ಕೂಡಲೇ ನನಗೆ ನೆನಪಾದದ್ದು ಒಂದು ಕಾರು. ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಅದರ ಕಥೆ ಹೇಳಿದೆ. ಅಂದು ಗಂಟೆ ಹೊಡೆದದ್ದರಿಂದ ಅರ್ಧಕ್ಕೇ ನಿಂತುಹೋಗಿತ್ತು. ಇಲ್ಲಿ ಪೂರ್ತಿ ಹೇಳುತ್ತೇನೆ.

1965ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಪುಟ್ಟ ಊರಿನ ಸಣ್ಣ ಕಾರ್ಖಾನೆಯೊಂದು ‘ಮಿನಿ ಮಾರ್ಕೋಸ್’ ಎಂಬ ಕಾರನ್ನು ಮಾರಾಟಕ್ಕಿಟ್ಟಿತು. ಬೆಲೆ 199 ಪೌಂಡ್. ಆಗ ಒಂದು ಪೌಂಡಿಗೆ 13 ರೂಪಾಯಿ 33 ಪೈಸೆ. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2,650 ರೂಪಾಯಿ. ಇಷ್ಟು ಅಗ್ಗಕ್ಕೆ ಕಾರು ಹೇಗೆ ಬಂತು ಎಂದು ಹುಬ್ಬೇರಿಸಬೇಡಿ. ಆ ಹಣಕ್ಕೆ ಸಿಗುತ್ತಿದ್ದುದು ಕಾರಿನ ಮೈ ಮಾತ್ರ. ಎಂಜಿನ್ ಇಲ್ಲ, ಚಕ್ರ ಇಲ್ಲ, ಬ್ರೇಕ್ ಇಲ್ಲ. ಫೈಬರ್‌ಗ್ಲಾಸ್‌ನಿಂದ ಎರಕ ಹೊಯ್ದಂತಿದ್ದ ಖಾಲಿ ಚಿಪ್ಪು. ಉಳಿದದ್ದನ್ನೆಲ್ಲ ಕೊಂಡವನೇ ಹೊಂದಿಸಿಕೊಳ್ಳಬೇಕು, ಅವನೇ ಜೋಡಿಸಬೇಕು. ಇಂಥವಕ್ಕೆ ಅಲ್ಲಿ ‘ಕಿಟ್ ಕಾರು’ ಎಂದು ಹೆಸರು.

ಹೊಂದಿಸುವುದು ಎಲ್ಲಿಂದ? ಉತ್ತರ ಆ ಕಾರಿನ ಹೆಸರಿನಲ್ಲೇ ಇದೆ. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ರೂಪಿಸಿದ ‘ಮಿನಿ’ ಎಂಬ ಸಣ್ಣ ಕಾರು 1959ರಲ್ಲಿ ರಸ್ತೆಗಿಳಿದಿತ್ತು. ತೆರಿಗೆ ಸೇರಿ ಸುಮಾರು 497 ಪೌಂಡ್. ಎಂಜಿನನ್ನು ಅಡ್ಡಡ್ಡ ಕೂರಿಸಿ, ಗೇರುಗಳನ್ನು ಅದರ ಕೆಳಗೇ ತುರುಕಿ, ಎರಡಕ್ಕೂ ಒಂದೇ ಎಣ್ಣೆ ಸಾಕಾಗುವಂತೆ ಮಾಡಿದ ಜಾಣತನದ ಕಾರು ಅದು. ಹತ್ತು ಅಂಗುಲದ ಚಕ್ರಗಳು. ಆದರೆ ನಮ್ಮ ಕಥೆಗೆ ಬೇಕಾದ ಜಾಣತನ ಬೇರೆಯದು. ಮಿನಿಯ ಎಂಜಿನ್, ಗೇರು, ಮುಂದಿನ ಚಕ್ರಗಳು ಎಲ್ಲವೂ ಒಂದು ಉಕ್ಕಿನ ಚೌಕಟ್ಟಿನ ಮೇಲೆ ಕೂತಿದ್ದವು. ಹಿಂದಿನ ಚಕ್ರಗಳು ಇನ್ನೊಂದು ಚೌಕಟ್ಟಿನ ಮೇಲೆ. ಇವೆರಡೂ ಕಾರಿನ ಮೈಗೆ ಬೋಲ್ಟುಗಳಿಂದ ಸೇರಿಕೊಂಡಿದ್ದವು. ಬೋಲ್ಟು ಬಿಚ್ಚಿ ಮೈಯನ್ನು ಮೇಲಕ್ಕೆತ್ತಿದರೆ ಕಾರಿನ ಜೀವವೆಲ್ಲ ನೆಲದ ಮೇಲೆ ಉಳಿಯುತ್ತಿತ್ತು. ಆಮೇಲೆ ಬೇರೆ ಮೈಯನ್ನು ತಂದು ಅದರ ಮೇಲೆ ಇಳಿಸಿದರಾಯಿತು. ಪರಕಾಯ ಪ್ರವೇಶ ಎನ್ನುತ್ತಾರಲ್ಲ, ಅದರ ಸ್ಪ್ಯಾನರ್ ಆವೃತ್ತಿ.

ಇಂಗ್ಲೆಂಡಿನಲ್ಲಿ ಮಳೆ ಹೆಚ್ಚು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಬಿದ್ದ ಉಕ್ಕಿನ ತಗಡಿಗೆ ಏನಾಗುತ್ತದೆಂದು ಹತ್ತನೆಯ ತರಗತಿಯವರಿಗೆ ಹೇಳಬೇಕಾಗಿಲ್ಲ. ಎಂಜಿನ್ ಗಟ್ಟಿಯಾಗಿದ್ದರೂ ಮೈ ತುಕ್ಕು ಹಿಡಿದ ಮಿನಿಗಳು, ಅಪಘಾತದಲ್ಲಿ ನುಜ್ಜುಗುಜ್ಜಾದ ಮಿನಿಗಳು ಗುಜರಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಅಂಥದೊಂದನ್ನು ಕೊಂಡು ತಂದು, ಕಾರು ಶೆಡ್ಡಿನಲ್ಲಿ ಹಲವು ಶನಿವಾರ ಭಾನುವಾರಗಳನ್ನು ಕಳೆದರೆ, ಮಧ್ಯಮ ವರ್ಗದ ಯುವಕನೊಬ್ಬ ರೇಸಿನ ಕಾರಿನಂಥದೊಂದರ ಒಡೆಯನಾಗಬಹುದಿತ್ತು. ಚೆಂದದ ಕಾರು ಎಂದು ನಾನಂತೂ ಹೇಳಲಾರೆ. ಮೋಟು ಮೂಗು, ತಗ್ಗಿದ ಚಾವಣಿ, ಹಿಂಭಾಗ ಕತ್ತಿಯಿಂದ ಕಡಿದಂತೆ ಮೊಂಡು. ಜಿಗಿಯಲು ಕುಳಿತ ಕಪ್ಪೆಯ ಹಾಗೆ ಕಾಣುತ್ತದೆ. ಆದರೆ ಗಾಳಿಗೆ ಆ ಆಕಾರ ಇಷ್ಟವಾಗುತ್ತಿತ್ತು.

ಎಲ್ಲವನ್ನೂ ಜೋಡಿಸಿದ ಹೊಸ ಕಾರನ್ನೇ ಮಾರಬಹುದಿತ್ತಲ್ಲ, ಈ ಬಿಡಿಭಾಗಗಳ ಉಸಾಬರಿ ಏಕೆ? ಇಲ್ಲಿ ವಿಜ್ಞಾನದಿಂದ ಸ್ವಲ್ಪ ಹೊತ್ತು ಅರ್ಥಶಾಸ್ತ್ರಕ್ಕೆ ಹೋಗಬೇಕು. ಬ್ರಿಟನ್ನಿನಲ್ಲಿ 1940ರಿಂದ ‘ಪರ್ಚೇಸ್ ಟ್ಯಾಕ್ಸ್’ ಎಂಬ ಕೊಳ್ಳುವ ತೆರಿಗೆ ಇತ್ತು. ಕಾರುಗಳ ಮೇಲೆ ಅದು 1962ರ ಕೊನೆಯ ಹೊತ್ತಿಗೆ ಶೇಕಡಾ 25ಕ್ಕೆ ಇಳಿದಿತ್ತು. ಅದಕ್ಕೆ ಮುಂಚೆ ಇನ್ನೂ ಹೆಚ್ಚು. ಆದರೆ ತೆರಿಗೆ ಬೀಳುತ್ತಿದ್ದುದು ಪೂರ್ತಿ ತಯಾರಾದ ಕಾರಿಗೆ. ಬಿಡಿಭಾಗಗಳ ಗಂಟನ್ನು ಕೊಂಡು ತಾನೇ ಜೋಡಿಸಿಕೊಳ್ಳುವವನು ಈ ತೆರಿಗೆ ಕಟ್ಟಬೇಕಾಗಿರಲಿಲ್ಲ. ಹೀಗಾಗಿ ಲೋಟಸ್‌ನಂಥ ಹೆಸರಾಂತ ಕಂಪನಿಗಳು ಕೂಡ ತಮ್ಮ ಕಾರುಗಳನ್ನು ಭಾಗಗಳಾಗಿ ಮಾರಿದವು. ಲೋಟಸ್ ಸೆವೆನ್ ಎಂಬ ಕಾರಿನ ಅಭಿಮಾನಿಗಳು ಇವತ್ತಿಗೂ ಹೇಳುವ ಒಂದು ಕಥೆಯಿದೆ. ಜೋಡಿಸುವ ವಿಧಾನದ ಪುಸ್ತಕವನ್ನು ಕಿಟ್ ಜೊತೆ ಕೊಟ್ಟರೆ ತೆರಿಗೆಯವರು ಆಕ್ಷೇಪಿಸುತ್ತಿದ್ದರಂತೆ. ಅದಕ್ಕೆ ಕಂಪನಿಯವರು ಕಾರನ್ನು ‘ಬಿಚ್ಚುವ’ ವಿಧಾನದ ಪುಸ್ತಕ ಕೊಡುತ್ತಿದ್ದರಂತೆ. ಕೊಂಡವನು ಕೊನೆಯ ಪುಟದಿಂದ ಮೊದಲ ಪುಟದತ್ತ ಓದಿಕೊಂಡರೆ ಕಾರು ಸಿದ್ಧ!

ಇದು ತೆರಿಗೆ ತಪ್ಪಿಸಿದ್ದಲ್ಲವೇ ಎಂದು ಹುಡುಗನ ತಂದೆ ಕೇಳಿದರು. ಅವರು ಸರ್ಕಾರಿ ಕಚೇರಿಯಲ್ಲಿದ್ದವರು, ಕೇಳಲೇಬೇಕಾದ ಪ್ರಶ್ನೆ. ನನಗನ್ನಿಸುವುದು ಇಷ್ಟು. ಕಾರ್ಖಾನೆಯವರು ಕಾನೂನಿನ ಸಂದಿಯಲ್ಲಿ ನುಸುಳಿದ್ದು ನಿಜ. ಆದರೆ ಕೊಂಡವನು ತೆರಿಗೆಯ ಬದಲು ತನ್ನ ಹಲವು ತಿಂಗಳ ರಜಾದಿನಗಳನ್ನು ತೆತ್ತಿದ್ದ. ಕೈ ಕೊಯ್ದುಕೊಂಡು, ಗ್ರೀಸು ಬಳಿದುಕೊಂಡು, ಕಾರಿನ ಒಳಗೆ ಏನಿದೆಯೆಂದು ಕಲಿತಿದ್ದ. ಸರ್ಕಾರ ಉದ್ದೇಶಿಸದೆಯೇ ನಡೆಸಿದ ಸಂಜೆ ಪಾಲಿಟೆಕ್ನಿಕ್ ಎಂದು ಬೇಕಾದರೆ ಕರೆಯಿರಿ.

ಹಾಗೆ ನೋಡಿದರೆ ಈ ಹವ್ಯಾಸ ತೆರಿಗೆಯೊಂದರಿಂದಲೇ ಹುಟ್ಟಿದ್ದೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಉಕ್ಕಿನ ಅಭಾವ. ತಯಾರಾದ ಹೊಸ ಕಾರುಗಳೆಲ್ಲ ವಿದೇಶಿ ವಿನಿಮಯಕ್ಕಾಗಿ ಹಡಗು ಹತ್ತುತ್ತಿದ್ದವು. ಊರಿನವರಿಗೆ ಉಳಿದದ್ದು ಯುದ್ಧಕ್ಕೆ ಮುಂಚಿನ ಆಸ್ಟಿನ್ ಸೆವೆನ್‌ನಂಥ ಲಟಾರಿ ಗಾಡಿಗಳು. ಅವುಗಳ ಮೈ ಕಿತ್ತು ಹಾಕಿ, ಬೇರೆ ಮೈ ತೊಡಿಸಿ ರೇಸ್ ಓಡಿಸುವ ಹುಡುಗರ ಸಂಘಗಳೇ ಹುಟ್ಟಿಕೊಂಡವು. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ್ದು ಒಂದು ಹಳೆಯ ಆಸ್ಟಿನ್ ಸೆವೆನ್ ಮೇಲೆ, ಮುಂದೆ ಹೆಂಡತಿಯಾಗಲಿದ್ದ ಹುಡುಗಿಯ ತಂದೆಯ ಮನೆಯ ಹಿಂದಿನ ಶೆಡ್ಡಿನಲ್ಲಿ. ಭಾವೀ ಮಾವನವರ ಸಹನೆಗೆ ಮೆಚ್ಚಬೇಕು.

ಜೆಮ್ ಮಾರ್ಷ್ ಕೂಡ ಅದೇ ಗುಂಪಿನವನು. ಆಸ್ಟಿನ್ ಸೆವೆನ್‌ಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾರುವ ಸಣ್ಣ ವ್ಯಾಪಾರ ನಡೆಸುತ್ತಿದ್ದ. 1959ರಲ್ಲಿ ಅವನು ಫ್ರ್ಯಾಂಕ್ ಕಾಸ್ಟಿನ್ ಎಂಬುವನ ಜೊತೆ ಸೇರಿದ. ಮಾರ್ಷ್‌ನ ‘ಮಾರ್’, ಕಾಸ್ಟಿನ್‌ನ ‘ಕೋಸ್’ ಕೂಡಿ ‘ಮಾರ್ಕೋಸ್’ ಆಯಿತು. ಕಾಸ್ಟಿನ್ ಡಿ ಹ್ಯಾವಿಲ್ಯಾಂಡ್ ವಿಮಾನ ಕಂಪನಿಯಲ್ಲಿ ಗಾಳಿಯ ಹರಿವನ್ನು ಅಭ್ಯಾಸ ಮಾಡಿದವನು. 1958ರಲ್ಲಿ ವಿಶ್ವ ಚಾಂಪಿಯನ್ ಆದ ವ್ಯಾನ್‌ವಾಲ್ ರೇಸ್ ಕಾರಿನ ಮೈಯ ಆಕಾರ ಅವನದೇ. ಡಿ ಹ್ಯಾವಿಲ್ಯಾಂಡ್ ಯುದ್ಧಕಾಲದಲ್ಲಿ ಪ್ಲೈವುಡ್ಡಿನಿಂದ ಮೊಸ್ಕಿಟೊ ಎಂಬ ಪ್ರಸಿದ್ಧ ವಿಮಾನವನ್ನು ತಯಾರಿಸಿತ್ತು. ಅದೇ ಪಾಠವನ್ನು ಕಾರಿಗೆ ತಂದ ಕಾಸ್ಟಿನ್, ಮೊದಲ ಮಾರ್ಕೋಸ್ ಕಾರುಗಳ ಚಾಸಿಯನ್ನು ಮರದ ಹಲಗೆಗಳಿಂದಲೇ ಮಾಡಿದ. ಜನ ನಕ್ಕರು. ಕಾರು ರೇಸುಗಳನ್ನು ಗೆಲ್ಲತೊಡಗಿದಾಗ ನಗು ನಿಂತಿತು. ಮುಂದೆ ಮೂರು ಬಾರಿ ವಿಶ್ವ ಚಾಂಪಿಯನ್ ಆದ ಜಾಕಿ ಸ್ಟೀವರ್ಟ್ ತನ್ನ ಆರಂಭದ ದಿನಗಳಲ್ಲಿ ಓಡಿಸಿದ ಕಾರುಗಳಲ್ಲಿ ಅದೂ ಒಂದು. ಕಾಸ್ಟಿನ್ ಹೆಚ್ಚು ಕಾಲ ಜೊತೆಗಿರಲಿಲ್ಲ. ಮಿನಿ ಮಾರ್ಕೋಸ್ ಹುಟ್ಟಿದ್ದು ಅವನು ಹೋದ ಮೇಲೆ, ಡಿಜ್ಜಿ ಆಡಿಕಾಟ್ ಎಂಬ ವಿಮಾನ ಪರೀಕ್ಷಕ ಪೈಲಟ್ ಮಿನಿಯ ಭಾಗಗಳ ಮೇಲೆ ಕಟ್ಟತೊಡಗಿದ್ದ ಒಂದು ಕಾರಿನಿಂದ. ಒಟ್ಟಿನಲ್ಲಿ ಆಕಾಶದಲ್ಲಿ ಹಾರಿದವರ ಕೈ ಈ ಕಾರಿನ ಹಿಂದೆ ಮುಂದೆ ಎಲ್ಲ ಕಡೆ ಇದೆ.

ಈಗ ಗಾಜಿಗೆ ಬರೋಣ. ಕೈತಪ್ಪಿ ಬಿದ್ದರೆ ಚೂರಾಗುವ ಗಾಜಿನಿಂದ ಕಾರು ಮಾಡುವುದೆಂದರೇನು?

ನಾನು ಎಂಟನೆಯ ತರಗತಿಯಲ್ಲಿದ್ದಾಗ ಬೇಸಿಗೆ ರಜೆಗೆ ಬೆಂಗಳೂರಿನ ಸೋದರಮಾವನ ಮನೆಗೆ ಹೋಗಿದ್ದೆ. ಎದುರು ಮನೆಯವರು ಹೊಸದಾಗಿ ‘ಡಾಲ್ಫಿನ್’ ಕಾರು ಕೊಂಡಿದ್ದರು. ನನ್ನ ಚಡ್ಡಿ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು, ಹಳೆಯ ರೇಡಿಯೋ ಸ್ಪೀಕರಿನಿಂದ ಕಿತ್ತದ್ದು. ಕಂಡಕಂಡ ವಸ್ತುಗಳಿಗೆಲ್ಲ ಅದನ್ನು ಅಂಟಿಸಿ ನೋಡುವುದು ನನ್ನ ಚಟ. ಯಾರೂ ಇಲ್ಲದ ಹೊತ್ತು ನೋಡಿ ಕಾರಿನ ಬಾನೆಟ್ಟಿಗೆ ಇಟ್ಟೆ. ಜಾರಿ ಕೆಳಗೆ ಬಿತ್ತು. ಬಾಗಿಲಿಗೆ ಇಟ್ಟೆ. ಅಲ್ಲೂ ಬಿತ್ತು. ಬೆರಳಿನಿಂದ ತಟ್ಟಿದರೆ ‘ಠಣ್’ ಎನ್ನುವ ಬದಲು ‘ಧಪ್’ ಎಂದಿತು. ಕಬ್ಬಿಣವಿಲ್ಲದ ಕಾರು! ಅಂದು ರಾತ್ರಿ ಮಾವನನ್ನು ಕೇಳಿದಾಗ “ಅದು ಫೈಬರ್ ಕಣೋ” ಎಂದಷ್ಟೇ ಹೇಳಿ ಪೇಪರು ಓದುವುದನ್ನು ಮುಂದುವರಿಸಿದರು.

ಫೈಬರ್ ಅಂದರೆ ಏನೆಂದು ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಅದಕ್ಕೂ ಒಂದು ಕಥೆಯಿದೆ. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎ. ಎ. ಗ್ರಿಫಿತ್ ಎಂಬ ಯುವ ವಿಜ್ಞಾನಿ ಇದ್ದ. ವಸ್ತುಗಳು ಏಕೆ ಮುರಿಯುತ್ತವೆ ಎಂಬುದು ಅವನ ಪ್ರಶ್ನೆ. ಗಾಜಿನ ಕಡ್ಡಿಗಳನ್ನು ಕಾಯಿಸಿ ಎಳೆದು ತೆಳುವಾಗಿಸುತ್ತ, ಪ್ರತಿಯೊಂದನ್ನೂ ಜಗ್ಗಿ ಮುರಿದು ನೋಡಿದ. ದಪ್ಪ ಕಡ್ಡಿ ತನ್ನ ಗಾತ್ರಕ್ಕೆ ಹೋಲಿಸಿದರೆ ಸುಲಭವಾಗಿ ಮುರಿಯಿತು. ಎಳೆ ತೆಳುವಾದಷ್ಟೂ ಅಷ್ಟೇ ಅಡ್ಡಕೊಯ್ತಕ್ಕೆ ಅದು ತಾಳುವ ಬಲ ಹೆಚ್ಚುತ್ತ ಹೋಯಿತು. ಕೂದಲಿಗಿಂತ ತೆಳುವಾದ ಎಳೆಗಳು ದಪ್ಪ ಕಡ್ಡಿಯ ಹತ್ತು ಪಟ್ಟಿಗೂ ಮಿಕ್ಕಿ ಬಲಶಾಲಿಯಾಗಿದ್ದವು. 1921ರಲ್ಲಿ ಪ್ರಕಟವಾದ ಅವನ ಪ್ರಬಂಧ ಇದಕ್ಕೆ ಕಾರಣ ಹೇಳಿತು. ಗಾಜಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳಿರುತ್ತವೆ. ಎಳೆದಾಗ ಬಲವೆಲ್ಲ ಆ ಬಿರುಕಿನ ತುದಿಯಲ್ಲಿ ಬಂದು ಸೇರುತ್ತದೆ. ಬಟ್ಟೆ ಅಂಗಡಿಯವನು ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ ಪರ್ರನೆ ಹರಿಯುವುದನ್ನು ನೋಡಿದ್ದೀರಲ್ಲ? ಕಚ್ಚು ಹಾಕದೆ ಅದೇ ಬಟ್ಟೆಯನ್ನು ಹರಿಯಲು ನೋಡಿ, ಕೈ ನೋಯುತ್ತದೆ. ತೀರಾ ತೆಳುವಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇರುವುದಿಲ್ಲ. ಆದ್ದರಿಂದ ಅದು ಗಟ್ಟಿ.

ಆದರೆ ಬರೀ ಎಳೆಗಳ ಕಟ್ಟು ಕಾರಾಗುವುದಿಲ್ಲ, ಅದು ಹತ್ತಿಯಂತೆ ಮೆತ್ತಗಿರುತ್ತದೆ. ಎಳೆಗಳನ್ನು ಹಿಡಿದು ನಿಲ್ಲಿಸಲು ಅಂಟು ಬೇಕು. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಕತ್ತರಿಸಿ ಹಾಕಿ ತುಳಿಯುತ್ತಿದ್ದರು. ಮಣ್ಣೊಂದೇ ಆದರೆ ಒಣಗಿದಾಗ ಸೀಳುತ್ತದೆ, ಹುಲ್ಲೊಂದೇ ಆದರೆ ನಿಲ್ಲುವುದಿಲ್ಲ. ಎರಡೂ ಸೇರಿದರೆ ಅಜ್ಜನ ಕಾಲದ ಗೋಡೆ ಮೊಮ್ಮಗನ ಕಾಲಕ್ಕೂ ನಿಲ್ಲುತ್ತದೆ. ಫೈಬರ್‌ಗ್ಲಾಸ್ ಕೂಡ ಇದೇ ಉಪಾಯ. ಹುಲ್ಲಿನ ಜಾಗದಲ್ಲಿ ಗಾಜಿನ ಎಳೆಗಳ ಚಾಪೆ, ಮಣ್ಣಿನ ಜಾಗದಲ್ಲಿ ಪಾಲಿಯೆಸ್ಟರ್ ರೆಸಿನ್ ಎಂಬ, ಜೇನುತುಪ್ಪದಂತೆ ಹರಿಯುವ ದ್ರವ. ಈ ರೆಸಿನ್‌ಗೆ ಹಾರ್ಡನರನ್ನು ಅಳತೆಯಾಗಿ ಬೆರೆಸುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪಿನಲ್ಲಿ ಜೀವಾಣುಗಳ ಕೆಲಸ, ಇಲ್ಲಿ ಅಣುಗಳ ಸರಪಳಿಗಳು ಒಂದಕ್ಕೊಂದು ಕೈ ಹಿಡಿದುಕೊಳ್ಳುವ ಕೆಲಸ. ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಹೆಚ್ಚಾದರೆ ತನ್ನದೇ ಶಾಖದಿಂದ ಕುದಿದು ಬಿರುಕು ಬಿಡುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ದ್ರವವಾಗುವ ಮಾತಿಲ್ಲ.

ಕಾರಿನ ಮೈ ಮಾಡುವ ಬಗೆಯನ್ನು ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಸ್ಟೀಲ್ ಬಟ್ಟಲೊಂದನ್ನು ಬೋರಲು ಹಾಕಿ ಎಣ್ಣೆ ಸವರಿ. ಮೈದಾ ಅಂಟಿನಲ್ಲಿ ಅದ್ದಿದ ಹಳೆಯ ಪೇಪರಿನ ತುಂಡುಗಳನ್ನು ಐದಾರು ಪದರ ಹಚ್ಚಿ, ಎರಡು ದಿನ ಒಣಗಿಸಿ ಬಿಡಿಸಿ. ಬಟ್ಟಲಿನ ಆಕಾರದ ಗಟ್ಟಿ ಕಾಗದದ ಚಿಪ್ಪು ಬರುತ್ತದೆ. ಮಿನಿ ಮಾರ್ಕೋಸ್‌ನ ಮೈಯೂ ಬಂದದ್ದು ಹೀಗೆಯೇ, ಅಚ್ಚಿನ ಮೇಲೆ ಪದರ ಪದರವಾಗಿ ಕೈಯಿಂದ. ಎಣ್ಣೆ ಸವರಲು ಮಾತ್ರ ಮರೆಯಬೇಡಿ, ಅಮ್ಮನಿಗೆ ಉತ್ತರ ಕೊಡಬೇಕಾದವರು ನೀವು.

ಇಲ್ಲಿಯೇ ಇಡೀ ಕಥೆಯ ಕೀಲಿಕೈ ಇರುವುದು. ಉಕ್ಕಿನ ತಗಡನ್ನು ಕಾರಿನ ಆಕಾರಕ್ಕೆ ಒತ್ತಬೇಕಾದರೆ ಟನ್‌ಗಟ್ಟಲೆ ತೂಕದ ಅಚ್ಚುಗಳು, ಮನೆಯೆತ್ತರದ ಪ್ರೆಸ್ಸುಗಳು ಬೇಕು. ಲಕ್ಷಾಂತರ ಕಾರು ಮಾರುವವನಿಗೆ ಮಾತ್ರ ಆ ಬಂಡವಾಳ ಗಿಟ್ಟುತ್ತದೆ. ಫೈಬರ್‌ಗ್ಲಾಸ್‌ಗೆ ಒಂದು ಶೆಡ್ಡು, ಒಂದು ಅಚ್ಚು, ಬ್ರಷ್ಷು, ರೋಲರು ಸಾಕು. ಆದರೆ ಪ್ರೆಸ್ಸು ಕ್ಷಣದಲ್ಲಿ ಒತ್ತುವುದನ್ನು ಇಲ್ಲಿ ಕೈಯಿಂದ ಗಂಟೆಗಟ್ಟಲೆ ಹಚ್ಚಬೇಕು. ಹಾಗಾಗಿ ನೂರು ಕಾರಿಗೆ ಫೈಬರ್ ಅಗ್ಗ, ಲಕ್ಷ ಕಾರಿಗೆ ಉಕ್ಕು ಅಗ್ಗ. ಸಣ್ಣ ಕಾರ್ಖಾನೆಗಳನ್ನು ಹುಟ್ಟಿಸಿದ ಗುಣವೇ ಅವು ದೊಡ್ಡದಾಗದಂತೆ ತಡೆಯಿತು.

ತೂಕದ ಲೆಕ್ಕವನ್ನೂ ಮಾಡಿಬಿಡೋಣ. ಕಾರಿನ ಉಕ್ಕಿನ ತಗಡು 0.9 ಮಿಲಿಮೀಟರ್ ದಪ್ಪ, ಸಾಂದ್ರತೆ ನೀರಿನ 7.8 ಪಟ್ಟು ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಏಳು ಕಿಲೋಗ್ರಾಂ. ಫೈಬರ್‌ಗ್ಲಾಸ್ ಮೂರು ಮಿಲಿಮೀಟರ್ ದಪ್ಪವಿದ್ದರೂ ಸಾಂದ್ರತೆ ಸುಮಾರು 1.5 ಪಟ್ಟು. ಚದರ ಮೀಟರಿಗೆ ನಾಲ್ಕೂವರೆ ಕಿಲೋ. ಉಳಿದ ಎರಡೂವರೆ ಕಿಲೋವನ್ನು ಎಂಜಿನ್ ಎಳೆಯಬೇಕಾಗಿಲ್ಲ.

ನಾನು ಅಯಸ್ಕಾಂತ ಇಟ್ಟು ನೋಡಿದ ಡಾಲ್ಫಿನ್ ಕೂಡ ಇದೇ ವಂಶದ್ದು. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ ಫೈಬರ್‌ಗ್ಲಾಸ್ ಮೈಯ ಮೂರು ಚಕ್ರದ ಕಾರುಗಳಿಗೆ ಹೆಸರಾಗಿತ್ತು. ಅದು 1975ರಲ್ಲಿ ‘ಕಿಟನ್’ ಎಂಬ ನಾಲ್ಕು ಚಕ್ರದ ಕಾರನ್ನು ತಂದಿತು. ಇದು ಕಿಟ್ ಕಾರಲ್ಲ, ಪೂರ್ತಿ ಸಿದ್ಧವಾದ ಕಾರು. ಅದನ್ನೇ ಆಧರಿಸಿ ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ತಯಾರಿಸಿತು. ಮರುವರ್ಷವೇ ಉಕ್ಕಿನ ಮೈಯ ಮಾರುತಿ 800 ಬಂತು. ಮುಂದಿನದು ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ. ಕಿಟನ್‌ನ ಎಂಜಿನ್ 848 ಸಿ.ಸಿ., ಮೊದಲ ಮಿನಿಯದೂ 848 ಸಿ.ಸಿ. ಆದರೆ ಎರಡೂ ಬೇರೆ ಬೇರೆ ಎಂಜಿನ್‌ಗಳು. ಕ್ವಿಜ್‌ಗೆ ಹೋಗುವವರು ಎಡವದಿರಲಿ ಎಂದು ಹೇಳಿದೆ.

ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ಪ್ರತಿ ವರ್ಷ ಇಪ್ಪತ್ತನಾಲ್ಕು ಗಂಟೆಗಳ ಕಾರು ರೇಸು ನಡೆಯುತ್ತದೆ. ಸಂಜೆ ನಾಲ್ಕಕ್ಕೆ ಹೊರಟರೆ ಮರುದಿನ ಸಂಜೆ ನಾಲ್ಕರವರೆಗೆ ಹಗಲು ರಾತ್ರಿ ಸುತ್ತುತ್ತಲೇ ಇರಬೇಕು. ಚಾಲಕರು ಬದಲಾಗಬಹುದು, ಕಾರು ಬದಲಾಗುವಂತಿಲ್ಲ. 1966ರ ಜೂನ್ 18ರಂದು ಅಲ್ಲಿ 55 ಕಾರುಗಳು ಹೊರಟವು. ಅಮೆರಿಕದ ಫೋರ್ಡ್ ಕಂಪನಿ ಇಟಲಿಯ ಫೆರಾರಿಯನ್ನು ಸೋಲಿಸಲೇಬೇಕೆಂದು ಕೋಟಿಗಟ್ಟಲೆ ಸುರಿದು ಬಂದಿದ್ದ ವರ್ಷ ಅದು. ಫೋರ್ಡಿನ ಎಂಜಿನ್ ಏಳು ಲೀಟರಿನದು. ನೇರ ರಸ್ತೆಯಲ್ಲಿ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕ ವೇಗ.

ಆ ಸಾಲಿನಲ್ಲಿ 50ನೆಯ ಸಂಖ್ಯೆ ಹೊತ್ತ, ಆಕಾಶಬಣ್ಣಕ್ಕಿಂತ ಗಾಢವಾದ ಫ್ರೆಂಚ್ ನೀಲಿ ಬಳಿದುಕೊಂಡ ಒಂದು ಮಿನಿ ಮಾರ್ಕೋಸ್ ಇತ್ತು. ಎಂಜಿನ್ ಸುಮಾರು 1.3 ಲೀಟರ್. ಮೈ ಬ್ರಾಡ್‌ಫರ್ಡ್‌ನಿಂದ ಬಂದದ್ದು. ಕಾರನ್ನು ಕಟ್ಟಿದ್ದು ಹ್ರುಬೋನ್ ಎಂಬ ಫ್ರೆಂಚ್ ತಂತ್ರಜ್ಞ. ಓಡಿಸಿದವರು ಜಾನ್-ಲೂಯಿ ಮಾರ್ನಾ ಮತ್ತು ಕ್ಲೋಡ್ ಬಾಲೋ-ಲೆನಾ. ಜನ ಅದಕ್ಕೆ ‘ನೀಲಿ ಚಿಗಟ’ ಎಂದು ಹೆಸರಿಟ್ಟರು. ಹೆಸರಿನಲ್ಲಿ ಗೇಲಿಯೂ ಇತ್ತು, ಅಕ್ಕರೆಯೂ ಇತ್ತು.

ರಾತ್ರಿಯ ಕತ್ತಲಲ್ಲಿ ನಿಮಗಿಂತ ದುಪ್ಪಟ್ಟು ವೇಗದ ಕಾರುಗಳು ಹಿಂದಿನಿಂದ ಬಂದು ಬಿರುಗಾಳಿಯಂತೆ ಹಾದುಹೋಗುವಾಗ ಆ ಚಿಪ್ಪಿನೊಳಗೆ ಕೂತಿರುವುದೆಂದರೆ ಹೇಗಿರಬೇಕು, ಯೋಚಿಸಿ. ಗಂಟೆಗಳು ಕಳೆದಂತೆ ದೊಡ್ಡ ದೊಡ್ಡ ಹೆಸರುಗಳು ಒಂದೊಂದಾಗಿ ಉದುರಿದವು. ಒಂದರ ಎಂಜಿನ್ ಕೆಟ್ಟಿತು, ಇನ್ನೊಂದರ ಗೇರು ಮುರಿಯಿತು, ಮತ್ತೊಂದು ಅಪಘಾತಕ್ಕೀಡಾಯಿತು. ಮರುದಿನ ಸಂಜೆ ನಾಲ್ಕು ಗಂಟೆಗೆ ಓಟ ಮುಗಿಸಿದವರ ಪಟ್ಟಿಯಲ್ಲಿ ಉಳಿದದ್ದು 15 ಕಾರು ಮಾತ್ರ. ಮೊದಲ ಮೂರು ಸ್ಥಾನ ಫೋರ್ಡಿನವು. ಹದಿನೈದನೆಯದು, ಎಂದರೆ ಕಟ್ಟಕಡೆಯದು, ನೀಲಿ ಚಿಗಟ. ಇಡೀ ರೇಸಿನಲ್ಲಿ ಕೊನೆ ಮುಟ್ಟಿದ ಬ್ರಿಟಿಷ್ ಕಾರು ಅದೊಂದೇ.

ಅದು ಸುತ್ತಿದ್ದು 258 ಸುತ್ತು. ಒಂದು ಸುತ್ತು 13.46 ಕಿಲೋಮೀಟರ್. ಗುಣಿಸಿ ನೋಡಿ, ಮೂರೂವರೆ ಸಾವಿರ ಕಿಲೋಮೀಟರಿಗೆ ಹತ್ತಿರ. ನಿಂತ ಹೊತ್ತೆಲ್ಲ ಸೇರಿಸಿಕೊಂಡೂ ಸರಾಸರಿ ವೇಗ ಗಂಟೆಗೆ ಸುಮಾರು 145 ಕಿಲೋಮೀಟರ್. ಗೆದ್ದ ಫೋರ್ಡ್ ಹಾಕಿದ್ದು 360 ಸುತ್ತು. ಎಂಜಿನ್ನಿನ ಗಾತ್ರ ಐದನೆಯ ಒಂದು ಭಾಗ, ಓಡಿದ ದೂರ ಮುಕ್ಕಾಲು ಭಾಗಕ್ಕೆ ತುಸು ಕಡಿಮೆ. ಕೊನೆಯ ಸ್ಥಾನವೆಂದು ಮೂಗು ಮುರಿಯುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ಪರೀಕ್ಷೆಯ ರ‍್ಯಾಂಕ್ ಪಟ್ಟಿಗಳಲ್ಲಿ ಎಂಜಿನ್ನಿನ ಗಾತ್ರ ಬರೆಯುವ ಅಂಕಣವೇ ಇಲ್ಲವಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಮರುವರ್ಷ ಜೆಮ್ ಮಾರ್ಷ್ ತಾನೇ ಚಾಲಕನಾಗಿ ಮಿನಿ ಮಾರ್ಕೋಸನ್ನು ಲ ಮಾನ್ಸ್‌ಗೆ ಒಯ್ದ. ಆ ಕಾರು ಓಟ ಮುಗಿಸಲಿಲ್ಲ.

ಇಷ್ಟು ಕೇಳಿದ ಮೇಲೆ ಹುಡುಗ ಮೊದಲ ಬಾರಿಗೆ ತಲೆ ಎತ್ತಿ “ಮನೇಲಿ ಜೋಡಿಸಿದವರಿಗೂ ಸ್ಕ್ರೂ ಉಳೀತಿತ್ತಾ ಸಾರ್?” ಎಂದ.

ಉಳಿಯದೇ ಇರುತ್ತದೆಯೇ? ಕಿಟ್ ಕಾರುಗಳ ಇತಿಹಾಸದಲ್ಲಿ ಹೆಮ್ಮೆಪಡುವಂತಿಲ್ಲದ ಪುಟಗಳೂ ಇವೆ. ಉತ್ಸಾಹದಿಂದ ತಂದ ಎಷ್ಟೋ ಮೈಗಳು ಶೆಡ್ಡಿನ ಮೂಲೆಯಲ್ಲಿ ಅರೆಬರೆಯಾಗಿಯೇ ಉಳಿದವು. ಜೋಡಿಸಿ ಮುಗಿಸಿದವರೆಲ್ಲ ಜಾಣರಾಗಿರಲಿಲ್ಲ. ಸಡಿಲವಾದ ಬಾಗಿಲು ಕಿರಿಕಿರಿ ಮಾತ್ರ, ಆದರೆ ಸಡಿಲವಾದ ಬ್ರೇಕ್ ಪೈಪು ಪ್ರಾಣದ ಪ್ರಶ್ನೆ. ಶೆಡ್ಡುಗಳಲ್ಲಿ ರೆಸಿನ್ನಿನ ಘಾಟು ಕುಡಿಯುತ್ತ, ಗಾಜಿನ ಧೂಳಿನಲ್ಲಿ ಮೈ ತುರಿಸಿಕೊಳ್ಳುತ್ತ ಪದರ ಹಚ್ಚಿದ ಕೆಲಸಗಾರರ ಆರೋಗ್ಯದ ಬಗ್ಗೆ ಆ ಕಾಲದಲ್ಲಿ ಹೆಚ್ಚಿನವರು ತಲೆಕೆಡಿಸಿಕೊಳ್ಳಲಿಲ್ಲ. ಫೈಬರ್‌ಗ್ಲಾಸ್‌ನ ಪ್ರಯೋಗ ಮನೆಯಲ್ಲಿ ಬೇಡ, ಮೈದಾ ಅಂಟೇ ಸಾಕು ಎಂದು ಹೇಳುವುದು ಇದೇ ಕಾರಣಕ್ಕೆ.

ಹುಡುಗನ ಮಿಕ್ಸಿಯನ್ನು ಮರುದಿನ ಶಾಲೆಯ ಲ್ಯಾಬಿಗೆ ತರಿಸಿದೆ. ವೈರನ್ನು ಪ್ಲಗ್ಗಿನಿಂದ ಕಿತ್ತು ಪಕ್ಕಕ್ಕಿಟ್ಟು, ನನ್ನ ಎದುರಿಗೇ ಬಿಚ್ಚಲು ಹೇಳಿದೆ. ಒಂದು ಷರತ್ತು ಮಾತ್ರ: ಒಂದೊಂದು ಸ್ಕ್ರೂ ತೆಗೆದಾಗಲೂ ಅದು ಎಲ್ಲಿಯದೆಂದು ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆಯಬೇಕು. ಮೂರು ಪುಟ ತುಂಬುವ ಹೊತ್ತಿಗೆ ಖಾಲಿ ತೂತು ಸಿಕ್ಕಿತು. ಒಳಗೆ ಬರುವ ವೈರನ್ನು ಬಿಗಿಯಾಗಿ ಅಮುಕಿ ಹಿಡಿಯುವ ಸಣ್ಣ ಪಟ್ಟಿಯ ಎರಡು ಸ್ಕ್ರೂಗಳಲ್ಲಿ ಒಂದು ಅದು. ಅದಿಲ್ಲದೆಯೂ ಮಿಕ್ಸಿ ಓಡುತ್ತದೆ. ಆದರೆ ಯಾರಾದರೂ ವೈರನ್ನು ಜಗ್ಗಿದ ದಿನ ಒಳಗಿನ ತಂತಿ ಕಳಚಿ ಲೋಹದ ಭಾಗಕ್ಕೆ ತಗಲಬಹುದು. ಅವನಮ್ಮನ ಹೆದರಿಕೆ ಸರಿಯಾಗಿಯೇ ಇತ್ತು. ಹುಡುಗನ ಮುಖ ಬಿಳಿಚಿಕೊಂಡಿತು. ಆಮೇಲೆ ಅವನು ನೋಟ್‌ಬುಕ್ಕನ್ನು ಹಿಂದಿನಿಂದ ಮುಂದಕ್ಕೆ ತಿರುವುತ್ತ ಎಲ್ಲವನ್ನೂ ಜೋಡಿಸಿದ. ಏನೂ ಉಳಿಯಲಿಲ್ಲ.

ಮಾರ್ಕೋಸ್ ಕಂಪನಿ 1971ರಲ್ಲಿ ಮುಳುಗಿತು. ವೆಸ್ಟ್‌ಬರಿಯ ಹೊಸ ಕಾರ್ಖಾನೆಯ ಖರ್ಚು, ಅಮೆರಿಕದ ಮಾರುಕಟ್ಟೆಯಲ್ಲಿ ಕೈ ಸುಟ್ಟುಕೊಂಡದ್ದು, ಎಲ್ಲ ಒಟ್ಟಾಗಿ ಬಂತು. 1973ರ ಏಪ್ರಿಲ್ 1ರಂದು ಬ್ರಿಟನ್ ಪರ್ಚೇಸ್ ಟ್ಯಾಕ್ಸನ್ನು ತೆಗೆದು ವ್ಯಾಟ್ ಜಾರಿಗೆ ತಂದಾಗ ಬಿಡಿಭಾಗಗಳ ಮೇಲೂ ತೆರಿಗೆ ಬಿತ್ತು. ಕಿಟ್ ಕಾರುಗಳ ಹಳೆಯ ಲಾಭ ಹೋಯಿತು. ಹಲವು ಸಣ್ಣ ಕಂಪನಿಗಳು ಬಾಗಿಲು ಹಾಕಿದವು. ಆದರೂ ಮಿನಿ ಮಾರ್ಕೋಸ್‌ನ ಅಚ್ಚುಗಳು ಗುಜರಿಗೆ ಹೋಗಲಿಲ್ಲ. 1975ರಲ್ಲಿ ಹೆರಾಲ್ಡ್ ಡರ್ಮಟ್ ಎಂಬ ಎಂಜಿನಿಯರು ಅದರ ಹಕ್ಕು ಕೊಂಡು, ಮುಂದೆ 1978ರಲ್ಲಿ ಅದನ್ನೇ ತಿದ್ದಿ ಬೆಳೆಸಿ ‘ಮೈಡಸ್’ ಎಂಬ ಹೊಸ ಕಾರು ಮಾಡಿದ. ಮೈಡಸ್‌ನ ಗಾಳಿಯೋಟವನ್ನು ಸುಧಾರಿಸಲು ಕೈಜೋಡಿಸಿದವನು ರೇಸ್ ಕಾರುಗಳ ವಿನ್ಯಾಸಕ ಗಾರ್ಡನ್ ಮರ್ರಿ. ಅವನೂ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಇಪ್ಪತ್ತರ ಹರೆಯದಲ್ಲಿ ತನ್ನ ಕೈಯಾರೆ ಕಾರು ಕಟ್ಟಿ ರೇಸ್ ಓಡಿಸಿದವನೇ. 1992ರಲ್ಲಿ ಹೊರಬಂದ ಪ್ರಸಿದ್ಧ ಮೆಕ್‌ಲಾರೆನ್ ಎಫ್1 ಕಾರು ಮರ್ರಿಯ ಕೃತಿ. ಡರ್ಮಟ್ ಕೂಡ ಆ ಯೋಜನೆಗೆ ಸೇರಿಕೊಂಡ. ಅದರ ಮೈಯಲ್ಲಿ ಗಾಜಿನ ಎಳೆಯ ಜಾಗಕ್ಕೆ ಇಂಗಾಲದ ಎಳೆ ಬಂದಿತ್ತು. ಹುಲ್ಲು ಮಣ್ಣಿನ ಉಪಾಯ ಮಾತ್ರ ಅದೇ. ಜೆಮ್ ಮಾರ್ಷ್ 1991ರಲ್ಲಿ ಜಪಾನಿನ ಅಭಿಮಾನಿಗಳಿಗಾಗಿ ಮಿನಿ ಮಾರ್ಕೋಸನ್ನು ಮತ್ತೆ ಮಾಡತೊಡಗಿದ. 2015ರಲ್ಲಿ ತೀರಿಕೊಂಡ.

ಇನ್ನು ನೀಲಿ ಚಿಗಟ. ಲ ಮಾನ್ಸ್ ನಂತರ ಅದು ಕೈಯಿಂದ ಕೈಗೆ ಹೋಗಿ, 1975ರಲ್ಲಿ ಪ್ಯಾರಿಸ್ಸಿನಲ್ಲಿ ಕಳುವಾಯಿತು. ಅಭಿಮಾನಿಗಳು ವರ್ಷಗಟ್ಟಲೆ ಹುಡುಕಿದರು. ನಲವತ್ತೊಂದು ವರ್ಷಗಳ ಬಳಿಕ, 2016ರ ಕೊನೆಯಲ್ಲಿ, ಅದು ಪೋರ್ಚುಗಲ್ಲಿನಲ್ಲಿ ಪತ್ತೆಯಾಯಿತು. ಅದರ ಓರಗೆಯ ಎಷ್ಟೋ ಉಕ್ಕಿನ ಮಿನಿಗಳು ಅಷ್ಟರಲ್ಲಿ ತುಕ್ಕಾಗಿ ಮಣ್ಣು ಸೇರಿದ್ದವು. ಗಾಜಿನ ಚಿಪ್ಪು ಮಾತ್ರ ಹಾಗೆಯೇ ಉಳಿದಿತ್ತು.